ಕಾಲೇಜಿನ ಕೆಲಸ ಒಪ್ಪಿಕೊ, ಹಳ್ಳಿಗೂ ಹೋಗು

ಚಿ. ಸ್ಮಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಐಸಿಯು ಕೆಲಸ ಬಿಟ್ಟು ರೆಸ್ಪಿರೇಟರಿ ಕೇರ್ (ಉಸಿರಾಟದ ಆರೈಕೆ) ಪಾಠ ಮಾಡಲು ಹೋಗಲಾ ಅಂತ ಕೇಳಿದ್ದೀಯ. ಜೊತೆಗೆ ಹಳ್ಳಿಗಳಲ್ಲಿ ಸಂಶೋಧನೆಯೂ ಇದೆ ಅಂದೆ. ಸಂಬಳ ಕಮ್ಮಿ, ನಿಜ. ಆದರೂ ಹೋಗು. ವೆಂಟಿಲೇಟರ್ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಜನರ ಕಾಯಿಲೆಗೆ ಹತ್ತಿಪ್ಪತ್ತು ವರ್ಷ ಆಗಿರುತ್ತದೆ. ಅದು ಶುರುವಾಗುವ ಜಾಗವನ್ನೂ ನೀನು ನೋಡಬೇಕು.

ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ವರ್ಷಗಟ್ಟಲೆ ದಮ್ಮು ಕಟ್ಟುವ ಕಾಯಿಲೆ, ಅಂದ ತಕ್ಷಣ ಪಾಠದಲ್ಲಿ ಬೀಡಿ, ಸಿಗರೇಟು ಬರುತ್ತವೆ. ನಮ್ಮ ಕಡೆ ಬೀಡಿ ಮುಟ್ಟದ ಹೆಂಗಸರಿಗೂ ದಮ್ಮು ಹತ್ತುತ್ತದೆ, ಸೌದೆ ಒಲೆಯಿಂದ. ಮೈಸೂರಿನ ಜೆಎಸ್‌ಎಸ್ ಮೆಡಿಕಲ್ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಈ ಹೊಗೆಗೂ ಲೆಕ್ಕ ಹಾಕಿ ನೋಡಿದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸುವುದು. ಅದು 60 ಮುಟ್ಟಿದರೆ ಬಿಡದೆ ಕಾಡುವ ಕೆಮ್ಮು-ಕಫದ ಅಪಾಯ ಎದ್ದು ಕಾಣುತ್ತದೆ ಅಂತ 2013ರಲ್ಲಿ ಬರೆದರು. ಅಂದರೆ ದಿನಕ್ಕೆ 2 ಗಂಟೆಯಂತೆ 30 ವರ್ಷ. ನಿನ್ನ ಅಜ್ಜಿ ಅದನ್ನು ಎಂದೋ ದಾಟಿದ್ದರು, ಅಲ್ವಾ?

ಮನೆಮನೆಗೆ ಹೋದಾಗ ಸುಮ್ನೆ "ಗ್ಯಾಸ್ ಇದೆಯಾ?" ಅಂತ ಕೇಳಿ ಟಿಕ್ ಹಾಕಬೇಡ. ಇದೆ ಅನ್ನುತ್ತಾರೆ, ಸಿಲಿಂಡರೂ ಇರುತ್ತದೆ. ಮುದ್ದೆ ಮಾತ್ರ ಸೌದೆ ಒಲೆಯಲ್ಲೇ. ಬಚ್ಚಲ ಹಂಡೆಗೆ ದಿನಾ ಬೆಳಿಗ್ಗೆ ಉರಿ ಹಾಕುವವರು ಯಾರು? ಅಡುಗೆಯ ಪ್ರಶ್ನೆಯಲ್ಲಿ ಆ ಹೊಗೆ ಬರುವುದೇ ಇಲ್ಲ. "ನಿನ್ನೆ ಏನೇನು, ಯಾವ ಒಲೆ ಮೇಲೆ ಮಾಡಿದಿರಿ?" ಅಂತ ಕೇಳು.

ಇನ್ನು ಸ್ಪೈರೋಮೆಟ್ರಿ, ಅಂದರೆ ಮಿಷನ್ನಿಗೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವುದು. ಸರಿಯಾದ 3 ಊದು ಸಿಗಬೇಕು, ದೊಡ್ಡ ಎರಡರ ನಡುವೆ 150 ಎಂಎಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಪುಸ್ತಕದಲ್ಲಿ ಹೇಳಲು ಸುಲಭ. ಜಗಲಿ ತುಂಬ ಮಕ್ಕಳು, ಬಾಗಿಲಲ್ಲಿ ಅತ್ತೆ. ಸೆರಗು ಬಾಯಿಗೆ ಅಡ್ಡ ಹಿಡಿದವಳಿಗೆ ಜೋರಾಗಿ ಊದಲು ನಾಚಿಕೆ. ಮೊದಲು ನೀನೇ ಊದಿ ತೋರಿಸು, ಮುಖ ಕೆಂಪಾಗುವ ಹಾಗೆ. ಅವರು ನಕ್ಕರೆ ಅರ್ಧ ಕೆಲಸ ಆಯಿತು. ವಿದ್ಯಾರ್ಥಿಗಳಿಗೂ ಮೊದಲು ಇದನ್ನೇ ಕಲಿಸು, ಗ್ರಾಫ್ ಓದುವುದನ್ನು ಹೇಗೂ ಕಲಿಯುತ್ತಾರೆ. ಮತ್ತೆ, 3 ಲೀಟರ್ ಸಿರಿಂಜಿನಿಂದ ಮಿಷನ್ ಸರಿಯಿದೆಯಾ ಅಂತ ನೋಡದೆ ಯಾರನ್ನೂ ಊದಿಸಬೇಡ. ಜೀಪಿನಲ್ಲಿ ಕುಲುಕಿದ ಮಿಷನ್ನು ಅದು.

ಇನ್ಹೇಲರ್ ಚಟ ಹಿಡಿಯುತ್ತದೆ ಅಂತ ಹೆದರುವವರು ಸಿಗುತ್ತಾರೆ. ಬೈಯಬೇಡ. ಸ್ಪೇಸರ್‌ಗೆ ದುಡ್ಡಿಲ್ಲ ಅನ್ನುವವರೂ ಇರುತ್ತಾರೆ; ಅದು ಇನ್ಹೇಲರಿಗೆ ಸಿಕ್ಕಿಸಿ ಔಷಧಿಯನ್ನು ನಿಧಾನವಾಗಿ ಎಳೆದುಕೊಳ್ಳುವ ಡಬ್ಬಿ. 500 ಎಂಎಲ್ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಸ್ಪೇಸರ್ ಮಕ್ಕಳ ಉಬ್ಬಸಕ್ಕೆ ಸಾಕಾಗುತ್ತದೆ ಅಂತ ದಕ್ಷಿಣ ಆಫ್ರಿಕಾದ ವೈದ್ಯರು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ನಿನ್ನ ಹುಡುಗರಿಗೆ ಅದನ್ನು ಮಾಡಲು ಬರಬೇಕು.

ಕೆಲಸಕ್ಕೆ ಹೂಂ ಅನ್ನುವ ಮುಂಚೆ ಒಂದು ಮಾತು ಕೇಳಿಕೊ. ಊದಿಸಿದಾಗ ಕಾಯಿಲೆ ಸಿಕ್ಕವರಿಗೆ ಔಷಧಿ ಯಾರು ಕೊಡುತ್ತಾರೆ, ಎಷ್ಟು ದಿನ? ಅಂಕಿ ಬರೆದುಕೊಂಡು ಹೊರಟುಬಿಡುವ ತಂಡವಾದರೆ ಬೇಡ. ಮುಂದಿನ ವರ್ಷ ಆ ಊರಲ್ಲಿ ಯಾರೂ ನಿನಗೆ ಬಾಗಿಲು ತೆಗೆಯುವುದಿಲ್ಲ, ತೆಗೆಯಲೂಬಾರದು.

ಸಂಬಳದ ವಿಷಯಕ್ಕೆ ನಿಮ್ಮಮ್ಮ ಗೊಣಗುತ್ತಿದ್ದಾಳೆ ಅಂದೆಯಲ್ಲ, ಭಾನುವಾರ ನಾನೇ ಫೋನ್ ಮಾಡುತ್ತೇನೆ.

ನಿನ್ನ ದೊಡ್ಡಮ್ಮ