ಕಡಿದ ಮರದ ಚಿತ್ರ ಯಾರಿಗೆ?

ಚಿ. ಸುಮಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಮಾಚಾರವೆಲ್ಲ ನಿನ್ನ ಅಪ್ಪನಿಂದ ತಿಳಿದೇ ಇತ್ತು. ಆದರೆ ಕೊನೆಯ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ನೀನು ಚಿತ್ರ ಬರೆಯುತ್ತಿರುವ ಬೀದಿಯ ಮರಗಳನ್ನು ಇಂದಲ್ಲ ನಾಳೆ ಕಡಿದುಬಿಡುತ್ತಾರೆ, ಆಮೇಲೆ ಆ ಚಿತ್ರಗಳು ಯಾರಿಗೆ ಬೇಕು ಎಂದು ಕೇಳಿದ್ದೀಯೆ.

ಓದಿದ ಕೂಡಲೇ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ನೆನಪಾದರು. ದೊಡ್ಡಬಳ್ಳಾಪುರದ ಕಡೆಯವರು, 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟಕ್ಕೆಂದು ಕುಂಚವನ್ನು ಬದಿಗಿಟ್ಟು, ‘ತಾಯಿನಾಡು’ ಪತ್ರಿಕೆ, ರಾಜಕೀಯ ಎಂದು ಎಷ್ಟೋ ವರ್ಷ ಕಳೆದ ಮೇಲೆ ಮತ್ತೆ ಬಣ್ಣಕ್ಕೆ ಮರಳಿದ ಅವರು, 1988ರಲ್ಲಿ ತೀರಿಕೊಳ್ಳುವ ತನಕ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವುಗಳೆದುರೇ ಕುಳಿತು ಬರೆದರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲಾಲ್‌ಬಾಗಿನ ಉಸ್ತುವಾರಿ ನೋಡುತ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್ ನೆಡಿಸಿದ ಸಾಲುಮರಗಳ ಊರು ಅದು. ರುಮಾಲೆಯವರ ಚಿತ್ರವನ್ನು ಹತ್ತಿರದಿಂದ ನೋಡಿದರೆ ಒತ್ತೊತ್ತಾಗಿ ಇಟ್ಟ ಬಣ್ಣದ ಚುಕ್ಕೆಗಳಷ್ಟೇ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು ಹೊತ್ತ ಕೊಂಬೆ ಎದ್ದು ಬರುತ್ತದೆ. ಅಂಥ ಬೀದಿಗಳಲ್ಲಿ ಎಷ್ಟೋ ಈಗ ಬೋಳಾಗಿವೆ. ಆ ಚಿತ್ರಗಳ ಮುಂದೆ ನಿಂತಾಗ ಅವು ಯಾರಿಗೆ ಬೇಕು ಎಂಬ ಪ್ರಶ್ನೆ ನನಗೆ ಒಮ್ಮೆಯೂ ಬರಲಿಲ್ಲ.

ನಿನ್ನ ಭಯವನ್ನು ಹಗುರವಾಗಿ ಕಾಣುತ್ತಿಲ್ಲ, ಮಗಳೇ. ಅದು ನನ್ನದೂ ಹೌದು, ನಾನು ಅದರ ಇನ್ನೊಂದು ದಡದಲ್ಲಿದ್ದೇನೆ ಅಷ್ಟೆ. ಚಾಮರಾಜಪೇಟೆಯ ಹಳೆಯ ಮನೆಯ ಮುಂದೆ ಒಂದು ಹೊಂಗೆ ಮರವಿತ್ತು. ನಿವೃತ್ತಿಯಾದ ಮೇಲೆ ಬರೆಯೋಣವೆಂದು ಕಾಗದವನ್ನೂ ಬಣ್ಣದ ಪೆಟ್ಟಿಗೆಯನ್ನೂ ಟ್ರಂಕಿನಲ್ಲಿ ಜೋಪಾನ ಮಾಡಿದ್ದೆ. ಇಪ್ಪತ್ತೆರಡು ವರ್ಷ ಅದರ ನೆರಳಲ್ಲೇ ಸೈಕಲ್ ನಿಲ್ಲಿಸಿದವನು, ಒಂದು ಭಾನುವಾರವನ್ನೂ ಅದಕ್ಕೆಂದು ಕೊಡಲಿಲ್ಲ. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಈಗ ಅದರ ದೊಡ್ಡ ಕೊಂಬೆ ಗೇಟಿನ ಕಡೆ ಬಾಗಿತ್ತೋ ರಸ್ತೆಯ ಕಡೆಯೋ ಎಂಬುದೇ ನೆನಪಿಗೆ ಬರುವುದಿಲ್ಲ. ನಾನೊಂದು ಹೇಳಿದರೆ ನಿನ್ನ ದೊಡ್ಡಮ್ಮ ಇನ್ನೊಂದು ಹೇಳುತ್ತಾಳೆ. ಯಾರಿಗೆ ಬೇಕು ಎಂದು ಕೇಳಿದೆಯಲ್ಲ, ನಮ್ಮಿಬ್ಬರಿಗೆ ಬೇಕಾಗಿತ್ತು.

ಚಿತ್ರ ಬರೆಯುವವಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹಾಳೆಯ ಹಿಂದೆ ಬೀದಿಯ ಹೆಸರು, ತಾರೀಖು, ಯಾವ ಮನೆಯ ಮುಂದೆ ಎಂಬುದನ್ನು ಬರೆದಿಡು. ಮಳೆಗಾಲದಲ್ಲಿ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡ, ಬೂಷ್ಟು ಹಿಡಿಯುತ್ತದೆ; ಇದು ನಿನಗೆ ಗೊತ್ತಿರಲೂಬಹುದು. ಮರ ಕಡಿಯುವ ದಿನ ಬಂದೇಬಿಟ್ಟರೆ ಅಲ್ಲಿಗೆ ಹೋಗಬೇಕೋ ಬೇಡವೋ ಎಂಬುದನ್ನು ನಾನು ಹೇಳಲಾರೆ. ನಾನು ಅಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆ.

ನಮ್ಮ ಈಗಿನ ಬೀದಿಯ ತಿರುವಿನಲ್ಲಿ ಒಂದು ಕತ್ತಿಕಾಯಿ ಮರ ಇನ್ನೂ ಇದೆ. ಮೇ ತಿಂಗಳ ಮೊದಲ ವಾರದಲ್ಲಿ ಪೂರ್ತಿ ಕೆಂಪಾಗುತ್ತದೆ. ನೀನು ಬರುವುದಾದರೆ ಟ್ರಂಕಿನಿಂದ ಆ ಕಾಗದವನ್ನು ತೆಗೆದಿಡುತ್ತೇನೆ. ಅಂಚು ಹಳದಿಯಾಗಿದೆ, ನಡುವೆ ಚೆನ್ನಾಗಿಯೇ ಇದೆ.

ಇತಿ,
ನಿನ್ನ ದೊಡ್ಡಪ್ಪ