ಬಾಡಿಗೆಗಾಗಿ ಪ್ರಾರ್ಥಿಸಲು ನಾಚಿಕೊಂಡ ಗೆಳೆಯನಿಗೆ

ಪ್ರಿಯ ಗೆಳೆಯ,

ಕರ್ತನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ಸೋಮವಾರ ಕೈಸೇರಿತು. ಕೆಲಸ ಹೋಗಿ ಮೂರು ತಿಂಗಳಾಯಿತೆಂಬ ಸುದ್ದಿ ನೋವು ತಂದಿತು. ಆದರೆ ಪತ್ರದ ಕೊನೆಯಲ್ಲಿ ನೀನು ಸೇರಿಸಿದ್ದ ಎರಡು ಸಾಲುಗಳು ಅದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದವು. ಬಾಡಿಗೆ ಹಣಕ್ಕಾಗಿ, ಮಕ್ಕಳ ಶಾಲೆಯ ಫೀಸಿಗಾಗಿ ದೇವರ ಮುಂದೆ ಮೊಣಕಾಲೂರಲು ನಾಚಿಕೆಯಾಗುತ್ತದೆ, ಎಲ್ಲವನ್ನೂ ಬಲ್ಲ ಆತನಿಗೆ ಇಂಥ ಲೆಕ್ಕಗಳನ್ನು ಒಪ್ಪಿಸುವುದು ಭಕ್ತಿಯಲ್ಲ, ಬೇಡುವುದಾದರೆ ಆತ್ಮಿಕ ವರಗಳನ್ನೇ ಬೇಡಬೇಕು ಎಂದು ಬರೆದಿದ್ದೀಯೆ. ಅದನ್ನು ಒಪ್ಪಲು ನನ್ನಿಂದಾಗುತ್ತಿಲ್ಲ.

ನಾವಿಬ್ಬರೂ ಸಂಡೆ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಕರ್ತನ ಪ್ರಾರ್ಥನೆಯನ್ನು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ತೆರೆದು ನೋಡು. ನೀನು ಹೇಳುವ ಮಾತು ಅಲ್ಲಿಯೇ, ಪ್ರಾರ್ಥನೆಗೆ ಸ್ವಲ್ಪ ಮುಂಚೆ 8ನೆಯ ವಚನದಲ್ಲಿದೆ: ನೀವು ಬೇಡಿಕೊಳ್ಳುವ ಮೊದಲೇ ನಿಮಗೆ ಏನು ಬೇಕೆಂಬುದು ನಿಮ್ಮ ತಂದೆಗೆ ಗೊತ್ತು. ಆದರೆ ಯೇಸುಸ್ವಾಮಿ ಅದರಿಂದ ತೆಗೆದ ತೀರ್ಮಾನ ನಿನ್ನದಕ್ಕೆ ತೀರ ವಿರುದ್ಧವಾದದ್ದು. ಆದುದರಿಂದ ಬೇಡಬೇಡಿರಿ ಎಂದು ಆತನು ಹೇಳಲಿಲ್ಲ. ಆದುದರಿಂದ ಹೀಗೆ ಬೇಡಿರಿ ಎಂದನು. ಹಾಗೆ ಕಲಿಸಿದ ಪ್ರಾರ್ಥನೆಯಲ್ಲಿ ದೇವರ ನಾಮ, ರಾಜ್ಯ, ಚಿತ್ತ ಇವು ಮೂರೂ ಆದ ಕೂಡಲೇ ಬರುವುದು ಊಟದ ಮಾತು: 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು'. ಪಾಪಗಳ ಕ್ಷಮೆಯ ಬಿನ್ನಹವೂ ಅದರ ನಂತರವೇ. ಹಸಿದ ಹೊಟ್ಟೆಯನ್ನು ಸಣ್ಣ ಸಂಗತಿಯೆಂದು ಕರ್ತನೇ ಎಣಿಸದಿರುವಾಗ ನಾವು ಎಣಿಸುವುದು ವಿನಯವೆಂದು ನನಗೆ ತೋರುವುದಿಲ್ಲ.

ನಿನ್ನ ಪಕ್ಷಕ್ಕೆ ಹಿರಿಯರ ಬೆಂಬಲವಿದೆಯೆಂಬುದನ್ನು ನಾನು ಮರೆಮಾಚಬಾರದು. 'ಅನುದಿನದ' ಎಂದು ನಾವು ಹೇಳುವಲ್ಲಿ ಗ್ರೀಕ್ ಮೂಲದಲ್ಲಿರುವ 'ಎಪಿಯೂಸಿಯೊಸ್' ಎಂಬುದು ಬಹಳ ಅಪರೂಪದ ಪದ. ಹೊಸ ಒಡಂಬಡಿಕೆಯಲ್ಲಿ ಈ ಪ್ರಾರ್ಥನೆಯನ್ನು ಬಿಟ್ಟರೆ ಬೇರೆಲ್ಲೂ ಅದು ಕಾಣುವುದಿಲ್ಲ. ಜನರ ಆಡುಮಾತಿನಲ್ಲಿ ಅದು ಇಲ್ಲವೆಂದೂ ಸುವಾರ್ತಿಕರೇ ಅದನ್ನು ರಚಿಸಿರಬೇಕೆಂದೂ ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಬರೆದಿದ್ದಾನೆ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮನು ಮತ್ತಾಯನಲ್ಲಿ ಅದಕ್ಕೆ ಪ್ರಕೃತಿಯನ್ನು ಮೀರಿದ ರೊಟ್ಟಿ ಎಂಬರ್ಥದ ಪದವನ್ನು ಇಟ್ಟನು. ಇದು ಪ್ರಭುಭೋಜನದ ರೊಟ್ಟಿಯೆಂದು, ದೇವರ ವಾಕ್ಯವೆಂದು ಅರ್ಥಮಾಡಿದವರು ಅನೇಕರು, ಅದರಲ್ಲಿ ತಪ್ಪೂ ಇಲ್ಲ. ಆದರೆ ಅದೇ ಜೆರೋಮನ ಭಾಷಾಂತರದಲ್ಲಿ ಲೂಕನ ಸುವಾರ್ತೆಯ ಅದೇ ಪದ ಸಾಮಾನ್ಯವಾದ 'ದಿನನಿತ್ಯದ' ಎಂದೇ ಉಳಿದಿದೆ. ಗಲಿಲಾಯದ ಬೆಸ್ತರಿಗೂ ದಿನಗೂಲಿಗಳಿಗೂ ಕಲಿಸಿದ ಪ್ರಾರ್ಥನೆಯಲ್ಲಿ ಅನ್ನ ಅನ್ನವೇ ಅಲ್ಲವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಕಥೋಲಿಕ ನೆರೆಯವರು ಕೊಂಕಣಿಯಲ್ಲಿ ಇಲ್ಲಿ 'ಗಿರಾಸ್' ಎನ್ನುತ್ತಾರೆ, ಅಂದರೆ ತುತ್ತು. ಆ ಮಾತು ನನಗೆ ಬಹಳ ಹಿಡಿಸುತ್ತದೆ.

ಹಾಗಾದರೆ ಬಲ್ಲವನ ಮುಂದೆ ಹೇಳುವುದೇಕೆ? ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನು 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಬೋಧೆಯಲ್ಲಿ ಇದಕ್ಕೆ ಉತ್ತರವಿದೆ. ನಾವು ಬೇಡದಿದ್ದರೂ ದೇವರು ಎಲ್ಲರಿಗೂ, ದುಷ್ಟರಿಗೂ ಸಹ, ಆಹಾರ ಕೊಡುತ್ತಾನೆ. ಅದು ಆತನ ಕೈಯಿಂದ ಬಂದದ್ದೆಂದು ಅರಿತು ಸ್ತೋತ್ರದೊಡನೆ ಸ್ವೀಕರಿಸುವಂತಾಗಲೆಂದೇ ನಾವು ಬೇಡುವುದು ಎನ್ನುತ್ತಾನೆ. ಅನುದಿನದ ಆಹಾರ ಎಂಬುದರೊಳಗೆ ಅವನು ಸೇರಿಸಿದ ಪಟ್ಟಿಯಂತೂ ಉದ್ದವಾದದ್ದು: ಊಟ, ಉಡುಪು, ಕಾಲಿನ ಜೋಡು, ಮನೆ, ಹೊಲ, ದನಕರು, ಹಣ, ಒಳ್ಳೆಯ ಆಡಳಿತ, ಹದವಾದ ಹವೆ, ಸಮಾಧಾನ, ಒಳ್ಳೆಯ ಸ್ನೇಹಿತರು, ನಂಬಿಗಸ್ತ ನೆರೆಹೊರೆಯವರು. ಮನೆ ಆ ಪಟ್ಟಿಯಲ್ಲಿರುವಾಗ ನಿನ್ನ ಬಾಡಿಗೆ ಹೊರಗುಳಿಯುವುದು ಹೇಗೆ?

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದದ್ದು ನಿನಗೆ ನೆನಪಿದೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ ಸಿಗದೆ ಬರಿಗೈಯಲ್ಲಿ ಹಿಂದಿರುಗಿದ ದಿನ, ರಾತ್ರಿಯ ಪ್ರಾರ್ಥನೆಯಲ್ಲಿ 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು' ಎಂಬ ಸಾಲನ್ನು ಅವರು ಎರಡು ಸಲ ಹೇಳುತ್ತಿದ್ದರು. ಕೇಳಿದ್ದೆಲ್ಲವೂ ದೊರೆಯಿತೆಂದು ನಾನು ಸಾಕ್ಷಿ ಹೇಳಲಾರೆ. ಗಂಜಿಯಲ್ಲಿ ಅಗುಳಿಗಿಂತ ತಿಳಿಯೇ ಹೆಚ್ಚಿದ್ದ ರಾತ್ರಿಗಳನ್ನು ನಾನು ಬಲ್ಲೆ. ಆದರೆ ಅಮ್ಮನ ದನಿಯಲ್ಲಿ ನಾಚಿಕೆಯಿರಲಿಲ್ಲ. ಮನೆಯ ಮಗಳು ತಂದೆಯನ್ನು ಕೇಳುವಂತೆ ಅವರು ಕೇಳುತ್ತಿದ್ದರು, ಮರುದಿನ ಬೆಳಿಗ್ಗೆ ಎದ್ದು ಮತ್ತೆ ಬ್ರಾಂಚಿಗೆ ನಡೆಯುತ್ತಿದ್ದರು.

'ಈ ಹೊತ್ತು' ಎಂಬ ಆ ಮಾತು ಬೇಡಿಕೆಗೆ ಹಾಕಿದ ಮಿತಿಯೂ ಹೌದು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರವಾದ ಮನ್ನ ದೊರೆತ ಕಥೆಯಲ್ಲಿ ತಲೆಗೆ ಒಂದು ಓಮೆರ್ ಅಳತೆ, ಅದೂ ಆಯಾ ದಿನಕ್ಕೆ. ಮರುದಿನಕ್ಕೆಂದು ಕೂಡಿಟ್ಟದ್ದು ಹುಳಬಿದ್ದು ನಾರಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಆರನೆಯ ದಿನ ಎರಡು ಪಾಲು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಮುಂದಿನ ಹತ್ತು ವರ್ಷಗಳ ಭದ್ರತೆಯನ್ನು ಒಟ್ಟಿಗೇ ಕೇಳುವುದಾದರೆ ನಿನ್ನಂತೆ ನಾನೂ ಹಿಂಜರಿಯುತ್ತಿದ್ದೆನೇನೋ. ಈ ತಿಂಗಳ ಬಾಡಿಗೆಯನ್ನು ಕೇಳಲು ಹಿಂಜರಿಯಬೇಡ.

ಇನ್ನು 'ನಮ್ಮ' ಎಂಬ ಪದ. ನನಗೆ ಅತಿ ಮುಖ್ಯವಾಗಿ ತೋರುವುದು ಇದು. ಬಾಗಿಲು ಮುಚ್ಚಿ ಒಬ್ಬನೇ ಪ್ರಾರ್ಥಿಸುವಾಗಲೂ 'ನನ್ನ ಆಹಾರ' ಎನ್ನಲು ಕರ್ತನು ಕಲಿಸಲಿಲ್ಲ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕು, ಅವನು ಅದರ ಮೇಲೆ ಆಸೆಯಿಟ್ಟುಕೊಂಡಿದ್ದಾನೆ ಎಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಅಂದರೆ ಒಬ್ಬನ ಅನುದಿನದ ಆಹಾರ ಇನ್ನೊಬ್ಬನ ಕೈಯಲ್ಲಿರುತ್ತದೆ. ಉಣ್ಣಲಿಲ್ಲದ ಸಹೋದರನಿಗೆ ಬೇಕಾದದ್ದನ್ನು ಕೊಡದೆ ಸಮಾಧಾನದಿಂದ ಹೋಗು ಎಂದರೆ ಪ್ರಯೋಜನವೇನು ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳಿದ್ದೂ ಇದನ್ನೇ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರಿಗೆ ಈ ಪ್ರಶ್ನೆ ಬೇಗನೆ ಎದುರಾಯಿತು. ಕ್ರೈಸ್ತರಾದವರಲ್ಲಿ ಅನೇಕರು ಕುಲದಿಂದ ಹೊರಗಾಗಿ ಕಸುಬನ್ನೂ ಕಳೆದುಕೊಂಡಿದ್ದರು. ಅವರಿಗೆ ಪ್ರಾರ್ಥನೆಯನ್ನಷ್ಟೇ ಕಲಿಸಿ ಬಿಟ್ಟಿದ್ದರೆ ಆ ಪ್ರಾರ್ಥನೆಯೇ ಅವರನ್ನು ಖಂಡಿಸುತ್ತಿತ್ತು. ಮಗ್ಗಗಳು ಬಂದವು, ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಆ ವ್ಯವಸ್ಥೆಯ ಕುಂದುಗಳನ್ನು ಕುರಿತು ಬೇಕಾದಷ್ಟು ಹೇಳಬಹುದು. ಆದರೆ ಬೇಡಿದ ತುತ್ತು ಹಲವು ಮನೆಗಳಿಗೆ ಹಂಚಿನ ಗೂಡಿನ ಮೂಲಕವೇ ಬಂತೆಂದು ನಾನು ನಂಬುತ್ತೇನೆ.

ನೀನು ಮೂರು ತಿಂಗಳು ಸುಮ್ಮನಿದ್ದುದರಿಂದ ನನಗಾದ ನಷ್ಟವನ್ನೂ ಹೇಳಬೇಕು. ಪ್ರತಿ ಭಾನುವಾರ ಸಭೆಯೊಡನೆ ನಿಂತು 'ನಮ್ಮ ಆಹಾರ' ಎನ್ನುತ್ತಿದ್ದಾಗ ಅದರೊಳಗೆ ನಿನ್ನ ಮನೆಯೂ ಇದೆಯೆಂಬುದು ನನಗೆ ತಿಳಿಯದೆ ಹೋಯಿತು. ಶನಿವಾರ ಸಂಜೆ ಫೋನು ಮಾಡುತ್ತೇನೆ. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ ಕಟ್ಟಬೇಕು, ಫೀಸು ಎಷ್ಟು ಬಾಕಿಯಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರು. ಮೊದಲು ಅದನ್ನು ಇಬ್ಬರೂ ಸೇರಿ ಕರ್ತನ ಮುಂದೆ ಓದೋಣ. ಆಮೇಲೆ ನನಗೂ ಓದಿ ಹೇಳು.

ನಿನ್ನ ಗೆಳೆಯ