ಮುರಕಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟೊಡನೆ ಮಣಿಪಾಲ, ಸುರತ್ಕಲ್ ಕಡೆಯ ಮನೆಯಂಗಳಗಳಲ್ಲಿ ಸ್ಪೋರ್ಟ್ಸ್ ಕಾರುಗಳ ರಿಪೇರಿ ಶುರುವಾಗುತ್ತದೆ. ಹಿಂಚಕ್ರ ಚಾಲನೆಯ ಕಾರಿನ ಗೇರ್‌ಬಾಕ್ಸ್ ಮೌಂಟನ್ನು ಮನೆಯಲ್ಲೇ ಬದಲಿಸಬಹುದು, ನಿಜ. ಆದರೆ ಅದಕ್ಕಾಗಿ ಮುರಕಲ್ಲು (ಗೋಡೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಪೇರಿಸಿ ಕಾರು ನಿಲ್ಲಿಸುವುದನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. 1,700 ಕಿಲೋ ತೂಗುವ ಕಾರಿನ ಒಂದೊಂದು ಮೂಲೆಗೆ ಸುಮಾರು 400 ಕಿಲೋ ಭಾರ. ಗೋಡೆಯಲ್ಲಿ ಸಾಲಾಗಿ ಕೂತಾಗ ಗಟ್ಟಿಯಿರುವ ಮುರಕಲ್ಲು ಅಷ್ಟು ಭಾರ ಒಂದೇ ಕಡೆ ಬಿದ್ದರೆ ಥಟ್ಟನೆ ಸೀಳುತ್ತದೆ. ನೀರು ಕುಡಿದ ಕಲ್ಲಾದರೆ ಕೇಳುವುದೇ ಬೇಡ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ನಾಲ್ಕು ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಅಂಗಳದ ಮಣ್ಣು ಮೆತ್ತಗಿದ್ದರೆ ಸ್ಟ್ಯಾಂಡಿನಡಿ ದಪ್ಪ ಹಲಗೆ ಹಾಕಿ. ಬರೀ ಜಾಕಿನ ಮೇಲಿರುವ ಕಾರಿನಡಿ ಯಾರೂ ನುಸುಳಬಾರದು.

ಮೌಂಟ್ ಎಂದರೆ ಲೋಹದ ತಟ್ಟೆಗಳ ನಡುವೆ ಅಂಟಿಸಿದ ರಬ್ಬರ್. ಗೇರ್‌ಬಾಕ್ಸಿನ ಹಿಂತುದಿ ಅದರ ಮೇಲೆ ಕೂತಿರುತ್ತದೆ. ರಬ್ಬರ್ ಕಿತ್ತುಬಂದರೆ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಅಡಿಯಿಂದ ‘ಧಡ್’ ಎನ್ನುತ್ತದೆ, ಗೇರ್ ಲಿವರ್ ಅಲುಗುತ್ತದೆ. ಹಾಗೇ ಓಡಿಸಿದರೆ ಗೇರ್‌ಬಾಕ್ಸಿನಿಂದ ಹಿಂಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿ ಅದರ ಜಾಯಿಂಟುಗಳೂ ಸವೆಯುತ್ತವೆ.

ಹಳೆಯ ಮೌಂಟನ್ನು ಎಸೆಯುವ ಮುನ್ನ ಮುಟ್ಟಿ ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ಕಾರಣ ವಯಸ್ಸು ಮತ್ತು ಸೈಲೆನ್ಸರ್ ಪೈಪಿನ ಬಿಸಿ. ಊದಿಕೊಂಡು ಮೆತ್ತಗಾಗಿದ್ದರೆ ಮೇಲಿನಿಂದ ಎಣ್ಣೆ ಸೋರುತ್ತಿದೆ ಎಂದೇ ಅರ್ಥ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಸರಿಪಡಿಸದೆ ಹೊಸ ಮೌಂಟ್ ಹಾಕಿದರೆ ಅದೂ ಹಾಗೇ ಕೊಳೆಯುತ್ತದೆ. ಎಂಜಿನ್ ಮೌಂಟುಗಳನ್ನೂ ಪರೀಕ್ಷಿಸಿ. ಅವು ಹರಿದಿದ್ದರೆ ಹೊಸದರ ಮೇಲೆ ಎಲ್ಲ ಎಳೆತವೂ ಬೀಳುತ್ತದೆ.

ಕಡಲ ಗಾಳಿಗೆ ಇಲ್ಲಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಅವಸರದಿಂದ ತಿರುಗಿಸಿದರೆ ತಲೆ ಮುರಿದು ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ಸೈಲೆನ್ಸರ್ ತಣ್ಣಗಾಗಿರಲಿ. ಎರಡನೇ ಜಾಕಿನ ಮೇಲೆ ಅಗಲ ಹಲಗೆಯಿಟ್ಟು ಗೇರ್‌ಬಾಕ್ಸಿಗೆ ಆನಿಸಿ. ಆಟೋಮ್ಯಾಟಿಕ್ ಕಾರಾದರೆ ಎಚ್ಚರ: ಗೇರ್‌ಬಾಕ್ಸಿನ ಅಡಿಯ ಎಣ್ಣೆ ತಟ್ಟೆ ತೆಳು, ಜಾಕಿನ ತಲೆ ನೇರ ತಾಗಿದರೆ ತಗ್ಗು ಬೀಳುತ್ತದೆ. ಮೌಂಟಿನ ಭಾರ ಇಳಿಯುವಷ್ಟು, ಅಂದರೆ 5ರಿಂದ 10 ಮಿಲಿಮೀಟರ್ ಮಾತ್ರ ಎತ್ತಿ. ಹೆಚ್ಚಾದರೆ ಎಂಜಿನ್ ವಾಲಿ ಪೈಪು, ವೈರುಗಳು ಎಳೆದುಕೊಳ್ಳುತ್ತವೆ. ಮೌಂಟನ್ನು ಹೊತ್ತಿರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್ ಬಿಚ್ಚುವ ಮುನ್ನ ಅದರ ಮುಂಭಾಗಕ್ಕೆ ಪೇಂಟಿನ ಗುರುತು ಹಾಕಿ, ತಿರುಗುಮುರುಗಾಗಿ ಜೋಡಿಸುವವರಿದ್ದಾರೆ.

ಹೊಸದನ್ನು ಕೂರಿಸುವಾಗ ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಹತ್ತಿಸಿ, ಜಾಕ್ ಇಳಿಸಿ ಗೇರ್‌ಬಾಕ್ಸಿನ ಭಾರ ಮೌಂಟಿನ ಮೇಲೆ ಬಂದ ಮೇಲೆ ಬಿಗಿ ಮಾಡಿ. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬಳಸಿ, ಆಯಾ ಕಾರಿನ ಕೈಪಿಡಿಯ ಅಂಕಿಯನ್ನೇ ಪಾಲಿಸಿ. ರಬ್ಬರಿಗಿಂತ ಗಡುಸಾದ ಪಾಲಿಯುರೇಥೇನ್ ಮೌಂಟ್ ರೇಸಿಗೆ ಸರಿ, ದಿನದ ಓಡಾಟಕ್ಕೆ ನಡುಕ ಒಳಗೆಲ್ಲ ಹರಡುತ್ತದೆ. ಕಂಪನಿಯ ರಬ್ಬರೇ ವಾಸಿ. ನಟ್ಟು ಮತ್ತು ಲೋಹದ ಮೇಲೆ ಒಂದೇ ಗೆರೆ ಎಳೆದಿಡಿ. ನೂರು ಕಿಲೋಮೀಟರ್ ಓಡಿಸಿ ನೋಡಿ, ಗೆರೆ ಜರುಗಿದ್ದರೆ ನಟ್ಟು ಸಡಿಲಾಗಿದೆ.

— ವಾಹನ ದುರಸ್ತಿ ಕಸುಬಿನವರು, ಉಡುಪಿ